ಬಡಿಸದೆ ಉಳಿದ ಮೀನು

ಮನೆಯಿಂದ ಒಂದು ಜೀವ ಹೊರಟುಹೋದರೆ ಮೀನೂ ಆ ಮನೆಯ ಹೊಸ್ತಿಲು ದಾಟಿ ಹೊರಗೆ ಹೋಗಬೇಕು. ಕರಾವಳಿಯ ಮೀನುಣ್ಣುವ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹಾಗೆ ಹೋದ ಮೀನು ತಾನಾಗಿ ಮರಳಿ ಬರುವಂತಿಲ್ಲ. ಕ್ರಿಯೆಗಳೆಲ್ಲ ಮುಗಿದು, ಮನೆ ತೊಳೆದು, ದೀಪ ಹಚ್ಚಿದ ಮೇಲೆ, ಅದಕ್ಕೆ ಸಲ್ಲುವವರ ಕೈಯೇ ಅದನ್ನು ಕರೆತರಬೇಕು. ಮೀನು ಮುಟ್ಟಿಸುವುದು ಎನ್ನುತ್ತಾರೆ ಅದಕ್ಕೆ. ಎಲೆಯ ಮೇಲೆ ಒಂದು ತುಂಡು ಬಿದ್ದಿತೋ, ದುಃಖವನ್ನು ತಲೆಯಿಂದ ಇಳಿಸಿ ನೆಲಕ್ಕಿಟ್ಟ ಹಾಗೆ. ಅಳುವವರು ಆಮೇಲೂ ಅಳುತ್ತಾರೆ, ಅದು ಬೇರೆ ಮಾತು. ಹೊರೆ ಮಾತ್ರ ನೆಲ ಮುಟ್ಟಿರುತ್ತದೆ.

ರಮಾನಂದರ ಹೊರೆ ಇನ್ನೂ ನೆಲ ಮುಟ್ಟಿರಲಿಲ್ಲ.

ಕುಂದಾಪುರದ ಕಡೆಯವರು ಅವರು. ನೈರೋಬಿಗೆ ಬಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತ ಕಲಿಸುತ್ತ ತಲೆ ಬೆಳ್ಳಗಾಗಿತ್ತು. ಹೆಂಡತಿ ಚಂದ್ರಿಕಾ ಕಳೆದ ವರ್ಷ ದೊಡ್ಡ ಮಳೆ ಹಿಡಿದಿದ್ದಾಗ ಎದೆನೋವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ದೇವರು ಕರೆದುಕೊಂಡ ಎಂದು ಅವರು ತಲೆಬಾಗಿದರು. ತಲೆಯನ್ನೇನೋ ಬಾಗಿಸಬಹುದು. ಕಣ್ಣಿಗೆ ನೀರು ತರಿಸುವುದು ಯಾರ ಕೈಯಲ್ಲೂ ಇಲ್ಲ. ಕ್ರಿಯೆ ಮಾಡಿಸಿದ ಗುಜರಾತಿ ಭಟ್ಟರು ಒಳ್ಳೆಯವರು, ಒಂದು ಮಂತ್ರವನ್ನೂ ಬಿಡಲಿಲ್ಲ. ಕೊನೆಯ ದಿನ ದೇವಸ್ಥಾನದ ಸಭಾಂಗಣದಲ್ಲಿ ಪೂರಿ, ಆಲೂಗಡ್ಡೆ ಪಲ್ಯ, ಲಡ್ಡು. "ಮುಗಿಯಿತು, ಇನ್ನು ಬಾಯಿ ಸಿಹಿ ಮಾಡಿಕೊಳ್ಳಿ" ಎಂದರು. ರಮಾನಂದರು ಲಡ್ಡು ತಿಂದರು. ಆದರೆ ಲಡ್ಡು ಮೀನಿನ ಕೆಲಸ ಮಾಡುವುದಿಲ್ಲವಲ್ಲ.

ಅವರ ಊರಿನಲ್ಲಿ ಹೆಂಡತಿ ಹೋದರೆ ಆಕೆಯ ತವರಿನವರು ಮೀನು ಹಿಡಿದುಕೊಂಡು ಬರುತ್ತಾರೆ. ತವರಿನ ಹಿರಿಯ ಕೈ ಎಲೆಗೆ ಹಾಕಬೇಕು. ಚಂದ್ರಿಕಾಳ ತವರಿನಲ್ಲಿ ಉಳಿದಿದ್ದವನು ಒಬ್ಬನೇ, ಅಣ್ಣ ಲಕ್ಷ್ಮೀಕಾಂತ. ಉಳ್ಳಾಲದಲ್ಲಿ ಅವನ ಮನೆ, ಮೀನಿನ ಬಲೆ ನೇಯುವ ಯಂತ್ರಗಳ ವ್ಯಾಪಾರ. ಹಳದಿ ಜ್ವರದ ಚುಚ್ಚುಮದ್ದು, ವೀಸಾ ಎಂದು ಅವನು ಓಡಾಡುವಷ್ಟರಲ್ಲಿ ಇಲ್ಲಿ ಚಿತೆಗೆ ಬೆಂಕಿ ಇಟ್ಟಾಗಿತ್ತು. ತಂಗಿಯ ಮುಖವನ್ನು ಅವನು ನೋಡಿದ್ದು ಮೊಬೈಲಿನಲ್ಲಿ, ಅದೂ ಮಧ್ಯದಲ್ಲಿ ಚಿತ್ರ ನಿಂತುಹೋಯಿತು. ಆಮೇಲೆ ಅವನು ಬರಲಿಲ್ಲ. ಮೀನೂ ಬರಲಿಲ್ಲ.

ರಮಾನಂದರು ಕಾದರು. ಎದ್ದರು, ಮಿಂದರು, ದೀಪ ಹಚ್ಚಿದರು, ಪಾಠ ಮಾಡಿದರು, ಮನೆಗೆ ಬಂದರು. ಊಟಕ್ಕೆ ಕೂತರೆ ಊಟ ಮುಗಿಯುತ್ತಿತ್ತು, ಅಷ್ಟೆ. ಒಂದು ಭಾನುವಾರ ಮಗಳು ಭಾವನಾ ಬಂದು ಸಾರು ಮಾಡಿದಳು. ತಾನು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ ತಂದೆಯನ್ನು ನೋಡಿದರೆ ಅವರ ತಟ್ಟೆ ಖಾಲಿ.

"ಅಪ್ಪಾ, ಇದಕ್ಕೆ ಸಾಲ್ಟೇ ಹಾಕಿಲ್ಲ ನಾನು."

"ಹೌದಾ?" ಎಂದರು ರಮಾನಂದರು. "ಇರ್ಲಿ. ಒಳ್ಳೇದಿತ್ತು."

ಅಂದು ಭಾವನಾಳಿಗೆ ಹೆದರಿಕೆಯಾಯಿತು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ, ಲ್ಯಾವಿಂಗ್ಟನ್ನಿನಲ್ಲಿ ಒಂಟಿ ಮನೆ. ಅಪ್ಪನ ಕಾಯಿಲೆಗೆ ಮಾತ್ರೆ ಇರಬಹುದು ಎಂದು ಅವಳು ಹುಡುಕಿದಳು. ಅಪ್ಪ ಕಾಯುತ್ತಿದ್ದುದು ಮೀನಿಗೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹೇಳಿದವರಾರು?

ಹೀಗಿರುವಾಗ ಲಕ್ಷ್ಮೀಕಾಂತನೇ ನೈರೋಬಿಗೆ ಬಂದ. ಇಂಡಸ್ಟ್ರಿಯಲ್ ಏರಿಯಾದ ಬಲೆ ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಕೂಡಿಸಿಕೊಡುವ ಕೆಲಸ. ತಂಗಿಯ ಮಗಳಿಗೆ ಫೋನು ಮಾಡಿದ.

"ಮನೆಗೇ ಬನ್ನಿ ಮಾವ," ಎಂದಳು ಭಾವನಾ.

"ಮನೆಗೆ ಬರುವುದಿಲ್ಲ ಮಗಾ. ಕರೆಯದ ಮನೆಗೆ ಹೇಗೆ ಬರುವುದು?"

"ನಾನು ಕರೀತಾ ಇದ್ದೀನಲ್ಲ."

"ನೀನು ಕರೆದರೆ ಆಗುವುದಿಲ್ಲ. ಹೊರಗೆ ಎಲ್ಲಾದರೂ ಸಿಗುವ."

ತನಗೆ ಕಾಯದೆ ದಹನ ಮುಗಿಸಿದರೆಂಬ ಸಿಟ್ಟು ಮಾವನಿಗೆ ಇನ್ನೂ ಆರಿಲ್ಲ ಎಂದುಕೊಂಡಳು ಅವಳು. ಹರ್ಲಿಂಗ್‌ಹ್ಯಾಮಿನಲ್ಲಿ ಅಪ್ಪನ ಮನೆಯ ಬೀದಿಯ ತಿರುವಿನಲ್ಲೇ ಮೆಕ್ಸಿಕೋದವರ ಮೀನಿನ ಹೋಟೆಲೊಂದಿತ್ತು. ಅಲ್ಲಿಯೇ ಶನಿವಾರ ಮಧ್ಯಾಹ್ನಕ್ಕೆ ಮೂವರಿಗೆ ಜಾಗ ಹೇಳಿಟ್ಟಳು. ಇಡೀ ಮೀನನ್ನು ಕೆಂಡದ ಮೇಲೆ ಸುಡಲು ಹೊತ್ತು ಹಿಡಿಯುತ್ತದೆ, ಮೊದಲೇ ಹೇಳಬೇಕು ಎಂದರು ಹೋಟೆಲಿನವರು. ಅದನ್ನೂ ಹೇಳಿದಳು.

ಸುದ್ದಿ ಕೇಳಿದ ರಮಾನಂದರು ಬೇರೆಯೇ ಅರ್ಥ ಮಾಡಿಕೊಂಡರು. ಭಾವ ಬಂದಿದ್ದಾನೆ, ಮೀನಿನ ಹೋಟೆಲಿಗೆ ಒಪ್ಪಿದ್ದಾನೆ. ಸರಿ, ಅಂದರೆ ಮುಟ್ಟಿಸಲಿಕ್ಕೇ ಬಂದಿದ್ದಾನೆ. ಮನೆಯಲ್ಲಾಗದಿದ್ದರೆ ಹೋಟೆಲಿನಲ್ಲಿ. ದೇವರು ಎಲ್ಲ ಅಂಗಳದಲ್ಲೂ ಇದ್ದಾನೆ. ಅಂದು ಬೆಳಿಗ್ಗೆ ತಲೆಗೆ ಮಿಂದು, ಬಿಳಿ ಅಂಗಿ ತೊಟ್ಟು, ಚಂದ್ರಿಕಾಳ ಪಟದ ಮುಂದೆ ಹೂವಿಟ್ಟು ನಿಂತರು. ಮನಸ್ಸಿನಲ್ಲಿ ಸಂತೋಷವೂ ಇರಲಿಲ್ಲ, ಸಂಕಟವೂ ಇರಲಿಲ್ಲ. ಸರದಿಯಲ್ಲಿ ನಿಂತವನಿಗೆ ತನ್ನ ಹೆಸರು ಕೂಗಿದಂತಾಗಿತ್ತು, ಅಷ್ಟೆ.

ಆ ಹೋಟೆಲಿನ ಬೋರ್ಡು ಏಳುವುದನ್ನು ಚಂದ್ರಿಕಾ ನೋಡಿದ್ದಳು. ಅಗಲ ಅಂಚಿನ ದೊಡ್ಡ ಟೊಪ್ಪಿ ಇಟ್ಟುಕೊಂಡು ನಗುವ ಮೀನಿನ ಚಿತ್ರ. "ನೋಡಿ, ಮುಟ್ಟಾಳೆ ಇಟ್ಟುಕೊಂಡು ಗದ್ದೆಗೆ ಹೊರಟ ಹಾಗೆ ಉಂಟು," ಎಂದು ತರಕಾರಿ ಚೀಲ ಹಿಡಿದು ದಾರಿಯಲ್ಲೇ ನಿಂತು ನಕ್ಕಿದ್ದಳು. "ಬಾಗಿಲು ತೆಗೆದ ಮೇಲೆ ಒಮ್ಮೆ ಹೋಗುವ." ಬಾಗಿಲು ತೆಗೆಯುವಾಗ ಅವಳಿರಲಿಲ್ಲ.

ಹಳೆಯ ಬಂಗಲೆಯೊಂದರ ಅಂಗಳಕ್ಕೆ ಶೀಟು ಹೊದಿಸಿ ಮೇಜುಗಳನ್ನು ಹಾಕಿದ್ದರು. ಬಣ್ಣದ ಕಾಗದ ಕತ್ತರಿಸಿದ ತೋರಣ ಈ ಗೋಡೆಯಿಂದ ಆ ಗೋಡೆಗೆ ತೂಗುತ್ತಿತ್ತು. ಹೊರಗೆ ಮಟಾಟು ವ್ಯಾನುಗಳ ಹಾರನ್ನು, ಒಳಗೆ ಕೆಂಡದ ಹೊಗೆ, ಲಿಂಬೆಯ ವಾಸನೆ. ಗಲ್ಲಾಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ ನೀಲಿ ಸೆರಗಿನ ಮಾತೆಯೊಬ್ಬಳ ಪಟ, ಅದರ ಮುಂದೆ ಮೇಣದ ಬತ್ತಿ. ರಮಾನಂದರು ಚಪ್ಪಲಿ ಬಿಟ್ಟು ಕೈ ಮುಗಿದರು. ಯಾರ ತಾಯಿಯಾದರೂ ದೀಪ ಉರಿಯುತ್ತಿರುವಾಗ ಸುಮ್ಮನೆ ದಾಟಿ ಹೋಗುವುದು ಅವರಿಗೆ ಗೊತ್ತಿರಲಿಲ್ಲ.

ಲಕ್ಷ್ಮೀಕಾಂತ ತಡವಾಗಿ ಬಂದ. ತೆಳ್ಳಗಾಗಿದ್ದ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಓಲಾಡುತ್ತಿತ್ತು.

"ಎಂತ ಜಾಮು ಮಾರಾಯ್ರೆ. ಆ ಇಂಡಸ್ಟ್ರಿಯಲ್ ಏರಿಯಾದಿಂದ ಹೊರಗೆ ಬೀಳ್ಲಿಕ್ಕೇ ಆಗುದಿಲ್ಲ. ಲಾರಿ ಹಿಂದೆ ಲಾರಿ." ಕುರ್ಚಿ ಎಳೆದು ಕೂತ. ಆಮೇಲೆ ನೆನಪಾದವನಂತೆ, "ಸೌಖ್ಯವಾ ಭಾವ?"

"ಹೀಗೇ ಇದ್ದೇನೆ. ನೀವು?"

"ಇದ್ದೇನೆ."

ಬಡಿಸುವ ಹೆಂಗಸು ಬಂದು "ಕರಿಬು" ಎಂದು ಸ್ವಾಗತ ಹೇಳಿ ಮೆನು ಇಟ್ಟಳು. ಲಕ್ಷ್ಮೀಕಾಂತ ಅದನ್ನು ಬಿಡಿಸಲೇ ಇಲ್ಲ.

"ನನಗೆ ವೆಜ್," ಎಂದ.

ರಮಾನಂದರು ಅವನನ್ನು ನೋಡಿದರು. ಕಾಲೆತ್ತಿ ಮೆಟ್ಟಿಲು ಹತ್ತಲು ಹೋದವನಿಗೆ ಅಲ್ಲಿ ಮೆಟ್ಟಿಲೇ ಇಲ್ಲದಂತಾಯಿತು. ತಿನ್ನದವನು ತಿನ್ನಿಸಲಾರ. ಮುಟ್ಟಿಸುವ ಕೈ ತಾನೂ ಮೀನು ಮುಟ್ಟುವ ಕೈಯಾಗಿರಬೇಕು. ವೆಜ್ ಎಂದನೆಂದರೆ, ನಿನಗೆ ನನ್ನ ಕೈಯಿಂದ ಹಾಕುವುದಿಲ್ಲ ಎಂದ ಹಾಗೆಯೇ.

"ನನಗೂ ವೆಜ್ಜೇ," ಎಂದರು.

ಭಾವನಾ ಇಬ್ಬರನ್ನೂ ನೋಡಿದಳು. "ಸೀಫುಡ್ ಪ್ಲೇಸಿಗೆ ಬಂದು ಇಬ್ಬರೂ ಬೀನ್ಸ್ ತಿಂತೀರಾ? ಸೀರಿಯಸ್ಲಿ? ಮಾವ, ನೀವು ಉಳ್ಳಾಲದವರು. ನಾನು ಚಿಕ್ಕವಳಿದ್ದಾಗ ನೀವು ಬ್ರೇಕ್‌ಫಾಸ್ಟಿಗೆ ಬಂಗುಡೆ ತಿಂತಿದ್ರಿ."

"ಆಗ ತಿಂತಿದ್ದೆ."

"ಈಗ ಏನಾಯ್ತು? ಡಾಕ್ಟರ್ ಹೇಳಿದ್ರಾ?"

"ಡಾಕ್ಟ್ರು ಎಂತ ಹೇಳ್ತಾರೆ," ಎಂದು ಲಕ್ಷ್ಮೀಕಾಂತ ಲೋಟದ ನೀರನ್ನು ಅತ್ತ ಇತ್ತ ಮಾಡಿದ.

ಬೇಯಿಸಿ ಅರೆದ ಕಪ್ಪು ಅವರೆಯಂಥ ಕಾಳು ಬಂತು, ಬೆಣ್ಣೆಹಣ್ಣಿನ ಗೊಜ್ಜು ಬಂತು, ಬಟ್ಟೆಯಲ್ಲಿ ಸುತ್ತಿದ ಮೆಕ್ಕೆಜೋಳದ ತೆಳು ರೊಟ್ಟಿ ಬಂತು. ಇಬ್ಬರು ಗಂಡಸರೂ ರೊಟ್ಟಿ ಮುರಿದು ಕಾಳಿಗೆ ಅದ್ದಿ ತಿನ್ನತೊಡಗಿದರು. ಬಲೆ ಯಂತ್ರದ ಮಾತು ಸ್ವಲ್ಪ ನಡೆಯಿತು. ನೂಲು ಎಲ್ಲಿಯದು, ಗಂಟು ಎಷ್ಟು ಬಿಗಿ ಬೇಕು ಎಂದೆಲ್ಲ. ಸರೋವರದ ಮೀನಿಗೂ ಕಡಲಿನ ಮೀನಿಗೂ ಬಲೆಯ ಕಣ್ಣು ಬೇರೆ ಎಂದ ಲಕ್ಷ್ಮೀಕಾಂತ. ರಮಾನಂದರು ಹೂಂ ಎಂದರು.

ಆಗ ಮೀನು ಬಂತು.

ಮೊಂಬಾಸಾದಿಂದ ಬಂದ ದೊಡ್ಡ ಕೆಂಪು ಮೀನು. ಬೆನ್ನಿನಿಂದ ಸೀಳಿ ಪುಸ್ತಕದ ಹಾಗೆ ಬಿಡಿಸಿ, ಒಂದು ಮಗ್ಗುಲಿಗೆ ಒಣಮೆಣಸಿನ ಕೆಂಪು ಮಸಾಲೆ, ಇನ್ನೊಂದಕ್ಕೆ ಕೊತ್ತಂಬರಿಯ ಹಸಿರು ಮಸಾಲೆ ಬಳಿದು ಸುಟ್ಟಿದ್ದರು. ತಲೆ ಇಡಿಯಾಗಿಯೇ ಇತ್ತು. ಅದನ್ನು ಮೇಜಿನ ನಡುವೆ ಇಟ್ಟರು.

ರಮಾನಂದರು ಮೀನನ್ನು ನೋಡಲಿಲ್ಲ, ಲಕ್ಷ್ಮೀಕಾಂತನ ಕೈಯನ್ನು ನೋಡಿದರು. ಆ ಕೈ ರೊಟ್ಟಿಯ ಬಟ್ಟೆಯನ್ನು ಮಡಿಸಿತು, ಬಿಚ್ಚಿತು, ಮತ್ತೆ ಮಡಿಸಿತು. ಮೀನಿನಿಂದ ಏಳುತ್ತಿದ್ದ ಹಬೆ ತೆಳುವಾಯಿತು.

ಭಾವನಾ ಚಮಚದಿಂದ ಒಂದು ತುಂಡು ಎತ್ತಿ ತಂದೆಯ ತಟ್ಟೆಯತ್ತ ತಂದಳು. ರಮಾನಂದರು ತಟ್ಟೆಗೆ ಅಂಗೈ ಅಡ್ಡ ಹಿಡಿದರು.

"ನೀನು ಹಾಕ್ಬಾರ್ದು ಮಗಾ."

"ಯಾಕೆ?"

ಒಂದು ವರ್ಷದಿಂದ ಒಳಗೇ ಕೂತಿದ್ದ ಮಾತು, ಯಾವ ಬಿಸಿಯೂ ಇಲ್ಲದೆ ಹೊರಗೆ ಬಂತು. ಮನೆಯ ವಿಳಾಸ ಹೇಳುವವರಂತೆ ಅವರು ಹೇಳಿದರು. "ನಿನ್ನ ಮಾವ ಹಾಕ್ಬೇಕು. ನಿನ್ನ ಅಮ್ಮ ಹೋದ ಮೇಲೆ ನಂಗೆ ಯಾರೂ ಮೀನು ಮುಟ್ಟಿಸ್ಲಿಲ್ಲ. ಅವಳ ತವರಿಂದ ಬರ್ಬೇಕಿತ್ತು. ಬರ್ಲಿಲ್ಲ. ಇವತ್ತು ಬಂದಿದ್ದಾರೆ, ವೆಜ್ ಅಂದ್ರು. ಅವರಿಗೆ ಮನಸ್ಸಿಲ್ಲ. ಅಷ್ಟೇ."

ಲಕ್ಷ್ಮೀಕಾಂತನ ಕೈಯಲ್ಲಿದ್ದ ಬಟ್ಟೆ ಹಾಗೆಯೇ ನಿಂತಿತು.

"ಯಾರು? ನಾನು ಹಾಕ್ಬೇಕಾ?"

"ಮತ್ತೆ ಯಾರು ಭಾವ?"

"ಎಂತ ಹೇಳ್ತೀರಿ ನೀವು. ನೀವಲ್ವಾ ಹಾಕ್ಬೇಕಾದ್ದು? ಸತ್ತವರ ಮನೆಯವರು ತವರಿನವರನ್ನು ಕರೆದು, ಕೂರಿಸಿ, ಎಲೆಗೆ ಮೀನು ಹಾಕ್ಬೇಕು. ನಮ್ಮಲ್ಲಿ ಹಾಗೆ. ನಮ್ಮ ಅಮ್ಮ ಹೋದಾಗ ಅಪ್ಪ ಸೋದರಮಾವನನ್ನು ಕರೆದು ಬಡಿಸಿದ್ದು ನಾನೇ ಕಣ್ಣಾರೆ ನೋಡಿದ್ದೇನೆ. ನೀವು ಕರೀಲಿಲ್ಲ. ಒಂದು ಫೋನಿಲ್ಲ. ಕರೆಯದ ಮನೆಗೆ ನಾನು ಹೇಗೆ ಬರುವುದು?"

"ನಮ್ಮಲ್ಲಿ ತವರಿನವ್ರು ತರುದು."

"ನಮ್ಮಲ್ಲಿ ಮನೆಯವರು ಕರೆಯುದು."

"ಕುಂದಾಪ್ರದಲ್ಲಿ ಯಾರನ್ನು ಬೇಕಾದ್ರೂ ಕೇಳಿ."

"ಉಳ್ಳಾಲದಲ್ಲಿ ನೀವು ಕೇಳಿ."

ನಡುವೆ ಕೆಲವು ಹೊಳೆಗಳು, ಕೆಲವು ಸೇತುವೆಗಳು. ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ. ಅಷ್ಟರಲ್ಲಿ ಪದ್ಧತಿ ತಲೆಕೆಳಗಾಗಿತ್ತು. ಎರಡು ಊರಿನ ರೀತಿಯೂ ಗೊತ್ತಿದ್ದವಳು ಚಂದ್ರಿಕಾ ಒಬ್ಬಳೇ. ಇದ್ದಿದ್ದರೆ ಇಬ್ಬರನ್ನೂ ಬೈದು ಸರಿ ಮಾಡುತ್ತಿದ್ದಳು. ಅವಳ ಸಲುವಾಗಿಯೇ ಇದಾದದ್ದು, ಅವಳನ್ನು ಕೇಳುವ ಹಾಗಿರಲಿಲ್ಲ.

ರಮಾನಂದರು ನಿಧಾನವಾಗಿ ಕೇಳಿದರು. "ಹಾಂಗಾದ್ರೆ ನೀವೂ ತಿನ್ಲಿಲ್ವಾ?"

"ಇಲ್ಲ."

"ಅವತ್ತಿಂದ?"

"ಅವತ್ತಿಂದ. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಅಂಜಲ್ ಮೀನು ಕಾಯಿಸ್ತಾಳೆ, ನಾನು ಪಕ್ಕದಲ್ಲಿ ಉಪ್ಪಿನಕಾಯಿ ನೆಕ್ಕುವುದು. ಬಂದರಿನ ದಕ್ಕೆಯಲ್ಲಿ ಎಲ್ಲ ತಮಾಷೆ ಮಾಡ್ತಾರೆ. ಎಂತ ಕಾಂತಣ್ಣ, ಮಠ ಯಾವಾಗ ಕಟ್ಟಿಸುದು ಅಂತ." ಅವನು ನಗಲಿಲ್ಲ. "ನೀವು ಇಲ್ಲಿ ಯಾರಿಗೋ ಬಡಿಸಿ ಮುಗಿಸಿದ್ದೀರಿ, ನನ್ನನ್ನು ಬಿಟ್ಟಿರಿ ಅಂತ ಮಾಡಿದ್ದೆ."

"ನೀವು ಬೇಕಂತಲೇ ಬರ್ಲಿಲ್ಲ ಅಂತ ನಾನು."

ಸಿಟ್ಟು ಬರಬೇಕಾದ ಜಾಗ ಅದು, ಇಲ್ಲವೆ ನಗು. ರಮಾನಂದರಿಗೆ ಎರಡೂ ಬರಲಿಲ್ಲ. ಎದುರಿಗೆ ಕೂತವನ ಸಡಿಲ ಕಾಲರು ಮಾತ್ರ ಕಣ್ಣಿಗೆ ಬಿತ್ತು.

"ಓಕೆ," ಎಂದಳು ಭಾವನಾ. "ಈಗ ಗೊತ್ತಾಯ್ತಲ್ಲ. ಯಾರಾದ್ರೂ ಒಬ್ಬರು ಹಾಕಿ."

ಇಬ್ಬರೂ ಅಲುಗಲಿಲ್ಲ.

"ಮಾವ?"

"ನಾನು ಮೊದಲು ಹಾಕ್ಲಿಕ್ಕೆ ಆಗುದಿಲ್ಲ ಮಗಾ. ಮನೆಯವರು ಹಾಕುವ ಮೊದಲು ಬಂದವರು ಬಡಿಸಿದ್ರೆ ಆ ಮನೆಗೆ ಒಳ್ಳೇದಲ್ಲ. ನಿನ್ನ ಅಪ್ಪನಿಗೆ ಕೆಟ್ಟದಾಗ್ತದೆ."

"ಅಪ್ಪಾ?"

"ತವರಿಂದ ಬರದೆ ನಾನಾಗಿ ಮೀನಿಗೆ ಕೈ ಹಾಕಿದ್ರೆ, ಅವಳಿಗೆ ತವರೇ ಇರ್ಲಿಲ್ಲ ಅಂದ ಹಾಂಗೆ. ಹೇಗೆ ಹಾಕ್ಲಿ?"

ಇಬ್ಬರದೂ ಹಟವಲ್ಲ. ಒಬ್ಬನಿಗೆ ಬದುಕಿರುವವನ ಭಯ, ಇನ್ನೊಬ್ಬನಿಗೆ ಸತ್ತವಳ ಮರ್ಯಾದೆ. ಅದು ಭಾವನಾಳಿಗೆ ಅರ್ಥವಾಯಿತೋ ಇಲ್ಲವೋ. ಅವಳು ಎತ್ತಿದ್ದ ತುಂಡನ್ನು ಮತ್ತೆ ಮೀನಿನ ಮೈಗೇ ಇಟ್ಟಳು. ಅದನ್ನೇ ನೋಡುತ್ತ ಕೇಳಿದಳು.

"ಮತ್ತೆ ನನಗೆ?"

"ಎಂತ?" ಎಂದರು ರಮಾನಂದರು.

"ನನಗೆ ಯಾರು ಹಾಕ್ಬೇಕಿತ್ತು? ಐ ಮೀನ್, ನನ್ನ ಅಮ್ಮ ಅಲ್ವಾ."

ರಮಾನಂದರು ಕುಂದಾಪುರವನ್ನೆಲ್ಲ ನೆನಪಿನಲ್ಲಿ ಹುಡುಕಿದರು. ಮದುವೆಯಾದ ಮಗಳಿಗೆ ಗಂಡನ ಮನೆಯವರು ಹಾಕುತ್ತಾರೆ. ಮದುವೆಯಾಗದೆ, ಬೇರೆ ಮನೆ ಮಾಡಿಕೊಂಡು, ಪರದೇಶದಲ್ಲಿರುವ ಮಗಳಿಗೆ? ಲಕ್ಷ್ಮೀಕಾಂತನೂ ಉಳ್ಳಾಲದಲ್ಲೆಲ್ಲ ಹುಡುಕುತ್ತಿದ್ದನೇನೋ, ಅವನ ಹುಬ್ಬು ಕೂಡಿಕೊಂಡಿತ್ತು. ಎಲ್ಲಿಯೂ ಇದಕ್ಕೆ ಉತ್ತರ ಇರಲಿಲ್ಲ. ಯಾಕೆಂದರೆ ಯಾರೂ ಕೇಳಿರಲಿಲ್ಲ.

"ನಾನು ಅಮ್ಮ ಹೋದ ಮುಂದಿನ ವಾರವೇ ತಿಂದೆ," ಎಂದಳು ಭಾವನಾ. "ಆಫೀಸ್ ಕ್ಯಾಂಟೀನಲ್ಲಿ ತಿಲಾಪಿಯ ಇತ್ತು. ಎಲ್ಲರೂ ತಿಂತಿದ್ರು, ನಾನೂ ತಿಂದೆ. ಅರ್ಧ ಬಾಯಲ್ಲಿರೋವಾಗ ನೆನಪಾಯ್ತು, ಅಮ್ಮ ಹೇಳ್ತಿದ್ರಲ್ಲ, ಯಾರಾದ್ರೂ ಹೋದ್ರೆ ಮೀನು ತಿನ್ಬಾರ್ದು ಅಂತ. ಎಷ್ಟು ದಿನ, ಆಮೇಲೆ ಏನು, ಅದೆಲ್ಲ ಗೊತ್ತಿಲ್ಲ. ಉಗಿಯೋದಾ ನುಂಗೋದಾ? ಎದುರಿಗೆ ಬಾಸ್ ಕೂತಿದ್ರು. ನುಂಗಿದೆ." ಅವಳು ಕರವಸ್ತ್ರದಿಂದ ಕೈ ಒರೆಸಿದಳು, ಕೈಗೇನೂ ಹತ್ತಿರಲಿಲ್ಲ. "ನಿಮ್ಮನ್ನ ಕೇಳೋಣ ಅಂದ್ರೆ ನೀವು ಮಾತೇ ಆಡ್ತಿರ್ಲಿಲ್ಲ ಅಪ್ಪ."

ರಮಾನಂದರು ಮಗಳ ಕೈಯನ್ನು ನೋಡಿದರು. ಈ ವರ್ಷವೆಲ್ಲ ತಾನು ಕಾದದ್ದು ಒಂದು ಕೈಯನ್ನು. ಇನ್ನೊಂದು ಕೈ ಪ್ರತಿ ಭಾನುವಾರ ಮನೆಗೆ ಬಂದು, ಸಾರು ಮಾಡಿ, ಪಾತ್ರೆ ತೊಳೆದು ಹೋಗಿತ್ತು. ಅದರ ತಟ್ಟೆಯಲ್ಲಿ ಏನಿದೆಯೆಂದು ತಾನು ನೋಡಿರಲಿಲ್ಲ. ದೇವರೇ ಎಂದರು ಮನಸ್ಸಿನಲ್ಲೇ. ಬೇಡಿದ್ದಲ್ಲ, ಬರಿಯ ಕರೆದದ್ದು.

ಆಮೇಲೆ ಚಮಚ ಬಿಟ್ಟು ಬರಿಗೈಯಿಂದಲೇ ಮೀನಿನ ಕೆಂಪು ಮಗ್ಗುಲನ್ನು ಮುರಿದರು. ತಣ್ಣಗಾದ ಮೀನು ಸುಲಭವಾಗಿ ಬಿಟ್ಟುಕೊಂಡಿತು. ಬೆರಳಲ್ಲಿ ತಡವಿ ಮುಳ್ಳು ತೆಗೆದು ಭಾವನಾಳ ತಟ್ಟೆಗೆ ಹಾಕಿದರು. ಇದಕ್ಕೆ ಯಾವ ಊರಿನ ಅಡ್ಡಿಯೂ ಇರಲಿಲ್ಲ. ಲಕ್ಷ್ಮೀಕಾಂತ ಒಂದು ಕ್ಷಣ ನೋಡಿ, ಮುಂದೆ ಬಾಗಿ, ಹಸಿರು ಮಗ್ಗುಲಿನಿಂದ ಒಂದು ತುಂಡು ಬಿಡಿಸಿ ಅದರ ಪಕ್ಕಕ್ಕೇ ಇಟ್ಟ.

"ತಿನ್ನು ಮಗಾ," ಎಂದ.

ಅವಳು ತಿಂದಳು. ತಿನ್ನುತ್ತಿದ್ದ ಹಾಗೆ ಮೂಗು ಕೆಂಪಾಯಿತು. ಮೆಣಸು ಖಾರ ಎಂದಳು. ಇಬ್ಬರು ಗಂಡಸರು ಕಾಳು, ರೊಟ್ಟಿ ತಿಂದು ಮುಗಿಸಿದರು, ಮಸಾಲೆ ಹತ್ತಿದ ಬೆರಳುಗಳನ್ನು ಬಾಯಿಗೆ ತಾಗದಂತೆ ದೂರ ಹಿಡಿದುಕೊಂಡು.

ಅರ್ಧಕ್ಕೂ ಹೆಚ್ಚು ಮೀನು ಉಳಿಯಿತು, ತಲೆಯೂ ಉಳಿಯಿತು. ಬಡಿಸಿದ ಹೆಂಗಸು ಇದನ್ನು ತೆಗೆಯಲೇ ಎಂದು ಕೇಳಿದಳು. ಚಂದ್ರಿಕಾ ಯಾವತ್ತೂ ಮೀನಿನ ತಲೆಯನ್ನು ಯಾರಿಗೂ ಬಿಡುತ್ತಿರಲಿಲ್ಲ. ರಮಾನಂದರು "ಕಟ್ಟಿಕೊಡಿ" ಎಂದರು. ಅವಳು ಕಾಗದದ ಚೀಲದಲ್ಲಿ ಕಟ್ಟಿ ತಂದು ಮೇಜಿನ ಮೇಲಿಟ್ಟಳು. "ಅಸಾಂಟೆ," ಎಂದು ಧನ್ಯವಾದ ಹೇಳಿ ಭಾವನಾ ಎದ್ದಳು. ಅವಳ ಕೈಯಲ್ಲಿ ಫೋನು, ಪರ್ಸು. ರಮಾನಂದರು ಚಪ್ಪಲಿ ಹುಡುಕುತ್ತಿದ್ದರು. ಚೀಲ ಬಿಟ್ಟುಹೋಗುತ್ತದೆಂದು ಲಕ್ಷ್ಮೀಕಾಂತ ಎತ್ತಿಕೊಂಡ.

ಟ್ಯಾಕ್ಸಿಯನ್ನು ಮನೆಯ ಗೇಟಿಗೇ ಕರೆಸಿದರಾಯಿತು ಎಂದು ಮೂವರೂ ನಡೆದರು. ರಸ್ತೆಯ ಬದಿಯಲ್ಲಿ ಕೆಂಪು ಮಣ್ಣು, ಉದುರಿದ ನೀಲಿ ಹೂವು. ಮೊದಲು ಭಾವನಾ, ಹಿಂದೆ ಲಕ್ಷ್ಮೀಕಾಂತ, ಕೊನೆಗೆ ರಮಾನಂದರು. ಮುಂದೆ ಹೋಗುವವನ ಕೈಯಲ್ಲಿ ಚೀಲ ತೂಗುತ್ತಿತ್ತು, ಅದರ ತಳಕ್ಕೆ ಎಣ್ಣೆ ಹತ್ತಿ ಕಪ್ಪಾಗುತ್ತಿತ್ತು. ಚಂದ್ರಿಕಾಳ ಅಣ್ಣ ಮೀನು ಹಿಡಿದುಕೊಂಡು ತನ್ನ ಮನೆಯ ಕಡೆಗೆ ನಡೆಯುತ್ತಿದ್ದಾನೆ. ರಮಾನಂದರಿಗೆ ಅದು ಕಂಡಿತು. ಬಾಯಿಬಿಟ್ಟರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಉಸಿರನ್ನೂ ಮೆಲ್ಲಗೆ ಬಿಟ್ಟರು.

ಗೇಟಿನಲ್ಲಿ ಕಾವಲಿನವನು ಎದ್ದು "ಸಾವಾ ಮ್ವಾಲಿಮು?" ಎಂದು ಕುಶಲ ಕೇಳಿದ. ಮೇಷ್ಟ್ರು ತಲೆಯಾಡಿಸಿದರು. ಲಕ್ಷ್ಮೀಕಾಂತ ಅಲ್ಲಿಯೇ ನಿಂತ.

"ಇದನ್ನು ಹಿಡೀರಿ ಭಾವ. ನಾನು ಇಲ್ಲಿಂದಲೇ ಹೋಗ್ತೇನೆ."

ರಮಾನಂದರು ಕೈ ಚಾಚಲಿಲ್ಲ. "ಇಲ್ಲಿ ಬೇಡ. ಒಳಗೆ ತಂದ್ ಕೊಡಿ."

ಲಕ್ಷ್ಮೀಕಾಂತ ತನ್ನ ಕೈಯಲ್ಲಿದ್ದ ಚೀಲವನ್ನು, ಯಾರೋ ಈಗ ತಾನೆ ಕೊಟ್ಟರೆಂಬಂತೆ ನೋಡಿದ.

"ಒಳಗೆ ಬಂದ್ರೆ," ಎಂದ, "ಬಡಿಸುದು ಯಾರು?"

"ನಾನು."

"ಕರೀತಾ ಇದ್ದೀರಾ?"

"ಕರೀತಾ ಇದ್ದೇನೆ ಭಾವ. ಬನ್ನಿ."

ಹೊಸ್ತಿಲಲ್ಲಿ ಲಕ್ಷ್ಮೀಕಾಂತ ಚಪ್ಪಲಿ ಬಿಟ್ಟು, ಎರಡೂ ಕೈಯಲ್ಲಿ ಚೀಲ ಹಿಡಿದು ಕೊಟ್ಟ. ರಮಾನಂದರು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಗಲೇ ಉಂಡು ಬಂದಿದ್ದರೂ ಕುಕ್ಕರಿನಲ್ಲಿ ಅನ್ನಕ್ಕಿಟ್ಟರು. ಮೀನು ಬಿಸಿಯಾಯಿತು. ಚಂದ್ರಿಕಾಳ ಪಟದ ಕೆಳಗಿನ ಮೇಜಿನಲ್ಲಿ ಮೂರು ತಟ್ಟೆ ಹಾಕಿ, ಮೊದಲು ಭಾವನಿಗೆ ಅನ್ನ ಬಡಿಸಿದರು, ಅದರ ಮೇಲೆ ಮೀನಿಟ್ಟರು. ಅವನು ಕೂತಲ್ಲಿಂದಲೇ ಕೈ ಚಾಚಿ, ತಾನು ತಂದದ್ದರಿಂದ ಒಂದು ತುಂಡನ್ನು ಅವರ ತಟ್ಟೆಗೆ ಹಾಕಿದ. ತಲೆಯನ್ನು ಒಂದು ಬಟ್ಟಲಲ್ಲಿಟ್ಟು ಪಟದ ಮುಂದೆ ಇಟ್ಟರು.

ರಮಾನಂದರು ಕಣ್ಣು ಮುಚ್ಚಿ ಒಂದು ಹೆಸರು ಹೇಳಿಕೊಂಡರು. ದೇವರದೋ, ಅವಳದೋ. ತುತ್ತು ಬಾಯಿಗಿಟ್ಟರು. ಕಣ್ಣಿಗೆ ನೀರು ಬರುತ್ತದೆಂದು ಕಾದರು. ಬರಲಿಲ್ಲ. ಎದೆಯಲ್ಲಿ ಏನೂ ಒಡೆಯಲಿಲ್ಲ, ಏನೂ ಕರಗಲಿಲ್ಲ. ಹೊಗೆ, ಲಿಂಬೆಯ ಹುಳಿ, ದೂರದಲ್ಲೆಲ್ಲೋ ಕಡಲು. ಅಗಿದರು. ಇನ್ನೊಂದು ತುತ್ತು ತೆಗೆದುಕೊಂಡು ಅಲ್ಲಿಯೇ ನಿಲ್ಲಿಸಿದರು.

"ಉಪ್ಪು ಸ್ವಲ್ಪ ಕಮ್ಮಿ," ಎಂದರು.

"ಹೌದು, ಕಮ್ಮಿ ಉಂಟು," ಎಂದ ಲಕ್ಷ್ಮೀಕಾಂತ, ತಲೆಯೆತ್ತದೆ.

ಭಾವನಾ ತಂದೆಯನ್ನು ಒಮ್ಮೆ ನೋಡಿ, ಉಪ್ಪಿನ ಡಬ್ಬಿ ತರಲು ಎದ್ದಳು.